ಗಾಡಿಯ ಹಲ್ಲು ನೋಡುವ ವಿದ್ಯೆ

ದನದ ಸಂತೆಯಲ್ಲಿ ಎತ್ತು ಕೊಳ್ಳಲು ಬಂದವರು ಮೊದಲು ಅದರ ತುಟಿ ಸರಿಸುತ್ತಾರೆ. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದ್ದೋ ಎಂದು ಎಣಿಸಿ, ಹೆಗಲ ಮೇಲೆ ಕೈಯಾಡಿಸಿ, ನಾಲ್ಕು ಹೆಜ್ಜೆ ನಡೆಸಿ ನೋಡಿದ ಮೇಲೆಯೇ ರೇಟಿನ ಮಾತು. ಕೊಂಬಿನ ಬಣ್ಣ, ಕೊರಳ ಗೆಜ್ಜೆ ಎಲ್ಲ ಮಾರುವವನ ಕಡೆಯ ಸಿಂಗಾರ. ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು ಅನ್ನುತ್ತಾರೆ, ಸರಿ. ರೊಕ್ಕ ಕೊಟ್ಟು ತರುವ ಎತ್ತಿನ ಹಲ್ಲು ಎಣಿಸದಿದ್ದರೆ ಮಾತ್ರ ಬಿತ್ತಿಗೆಯ ಹೊತ್ತಿಗೆ ಹೊಲದಲ್ಲಿ ನಿಂತು ಅಳಬೇಕಾಗುತ್ತದೆ.

ಬೆಳಗಾವಿಯ ಆಟೋ ನಗರದಲ್ಲಿ ಡೀಸೆಲ್ ಪಿಕಪ್ ಗಾಡಿಗಳನ್ನು ನೋಡಿ ಹೇಳುವ ಮಿಸ್ತ್ರಿಗಳ ಕೆಲಸ ಕಂಡಾಗ ನನಗೆ ಈ ಸಂತೆಯೇ ನೆನಪಾಗುತ್ತದೆ. ಕೊಳ್ಳುವವನು ಬಾನೆಟ್ ಎತ್ತಲು ಮುಂದೆ ಹೋದರೆ, ಮಿಸ್ತ್ರಿ ಗಾಲಿಗೆ ಕಲ್ಲು ಕೊಟ್ಟು, ಗೋಣಿಚೀಲ ಹಾಸಿ, ಹಿಂದಿನ ಎರಡು ಗಾಲಿಗಳ ನಡುವೆ ಅಂಗಾತ ಮಲಗುತ್ತಾರೆ. ಅವರ ಪರೀಕ್ಷೆ ಹಿಂದಿನಿಂದ ಮುಂದಕ್ಕೆ, ಅಡಿಯಿಂದ ಮೇಲಕ್ಕೆ.

ಅಂಥ ಒಬ್ಬ ಹಿರಿಯ ಮಿಸ್ತ್ರಿಯ ಪಕ್ಕದಲ್ಲಿ ಕೂತು ನೋಡಿದ ಒಂದು ಮುಂಜಾನೆಯಿಂದ ಈ ಲೇಖನ ಹುಟ್ಟಿತು. ಖಾನಾಪುರ ಕಡೆಯ ಹುಡುಗನೊಬ್ಬ ಕೆಎ 22 ನಂಬರಿನ ಹಳೆಯ ಪಿಕಪ್ ತಂದು ನಿಲ್ಲಿಸಿದ್ದ. ಕೊಳ್ಳಬೇಕೋ ಬಿಡಬೇಕೋ ಕೇಳಲು ಬಂದವನು.

“ಕಾಕಾ, ಎಂಜಿನ್ ಭಾಳ ಛಲೋ ಐತ್ರೀ. ಒಂದ ಸೆಲ್ಫಿಗೆ ಚಾಲೂ ಆಗತೈತಿ.”

“ಎಂಜಿನ್ ಆಮ್ಯಾಲೆ ನೋಡೂನು. ಮೊದಲ ಹೇಳ ತಮ್ಮಾ, ಏನ ಹೇರತಿ? ಎಲ್ಲಿಗೆ ಒಯ್ಯತಿ?”

“ಇಟ್ಟಂಗಿ ರೀ. ಭಟ್ಟಿಯಿಂದ ಊರೂರಿಗೆ.”

“ಎಷ್ಟ?”

ಹುಡುಗ ನಕ್ಕು ಸುಮ್ಮನಾದ. ಮಿಸ್ತ್ರಿ ಉತ್ತರಕ್ಕೆ ಕಾಯದೆ ಗಾಡಿಯ ಅಡಿಗೆ ಹೋದರು. ಆ ಪ್ರಶ್ನೆ ಅಲ್ಲಿಯೇ ನಿಂತಿತು.

ಈ ಸೀಮೆಯ ಪಿಕಪ್ಪುಗಳ ಬದುಕು ಒಂದೇ ಬಗೆಯದಲ್ಲ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಕಾಯಿಪಲ್ಲೆ ಗೋವಾದ ಅಡುಗೆಮನೆಗೆ ಹೋಗಬೇಕಾದರೆ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯಬೇಕು. ಇಲ್ಲವೆ ಖಾನಾಪುರ, ಲೋಂಡಾ, ರಾಮನಗರದ ಮೇಲೆ ಅನಮೋಡ ಘಾಟಿಗೆ ಬೀಳಬೇಕು. ಹೋಗುವಾಗ ಭಾರ ಹೊತ್ತು ಇಳಿತ, ಬರುವಾಗ ಹಗುರಾಗಿ ಏರು. ಇಟ್ಟಿಗೆ, ಹೆಂಚು ಹೇರುವ ಖಾನಾಪುರದ ಗಾಡಿಗೆ ದೂರ ಕಡಿಮೆ, ಭಾರ ಹೆಚ್ಚು. ಭಟ್ಟಿಯ ಕೆಂಪು ಮಣ್ಣಿನಿಂದ ಡಾಂಬರಿಗೆ ಏರುವ ಆ ಹತ್ತು ಮಾರಿನಲ್ಲೇ ಅದರ ಅರ್ಧ ಆಯುಷ್ಯ ಸವೆಯುತ್ತದೆ. ಇದರ ಮೇಲೆ ಮಲೆನಾಡಿನ ಮಳೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಆಷಾಢದಲ್ಲಿ ತುಂಬಿದಾಗ ಹಳ್ಳಿದಾರಿಯ ಕೆಳಸೇತುವೆಗಳು ನೀರಿನಡಿ ಹೋಗುತ್ತವೆ. ಇವೆಲ್ಲಕ್ಕೂ ಒಂದೇ ಗಾಡಿ ಒಳ್ಳೆಯದು ಎಂದರೆ ಮಿಸ್ತ್ರಿಗಳು ಒಪ್ಪುವುದಿಲ್ಲ.

ಎಂಜಿನ್ನಿನ ಬೆನ್ನಿನಿಂದ ಹಿಂದಿನ ಗಾಲಿಯವರೆಗೆ ಬಲ ಸಾಗುವ ದಾರಿಗೆ ಗ್ಯಾರೇಜಿನಲ್ಲಿ ಒಟ್ಟು ಒಂದು ಹೆಸರಿಲ್ಲ. ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಜಾಯಿಂಟ್ ಕ್ರಾಸ್, ಡಿಫರೆನ್ಷಿಯಲ್, ಎಕ್ಸೆಲ್ ಎಂದು ಬಿಡಿಬಿಡಿಯಾಗಿಯೇ ಕರೆಯುತ್ತಾರೆ. ಆದರೆ ಈ ಸರಪಳಿಯ ಮೇಲೆ ಬೀಳುವ ಬಲದ ಲೆಕ್ಕ ಒಮ್ಮೆ ತಿಳಿದರೆ, ಮಿಸ್ತ್ರಿ ಹಿಂದಿನಿಂದ ಏಕೆ ಶುರು ಮಾಡುತ್ತಾರೆಂಬುದು ಅರ್ಥವಾಗುತ್ತದೆ.

ಪಿಕಪ್ಪಿನ ಎಂಜಿನ್ 200 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತದೆ ಎನ್ನೋಣ. ಒಂದು ಮೀಟರ್ ಉದ್ದದ ಪಾನಾದ (ಸ್ಪ್ಯಾನರಿನ) ತುದಿಗೆ 20 ಕಿಲೋ ಕಲ್ಲು ಕಟ್ಟಿದರೆ ಎಷ್ಟು ತಿರುಚುತ್ತದೋ ಅಷ್ಟು. ಮೊದಲ ಗೇರು ಇದನ್ನು ನಾಲ್ಕು ಪಟ್ಟು ಮಾಡುತ್ತದೆ, ಹಿಂದಿನ ಕ್ರೌನ್ ಮತ್ತು ಪಿನಿಯನ್ ಜೋಡಿ ಅದನ್ನು ಮತ್ತೆ 4.1 ಪಟ್ಟು ಮಾಡುತ್ತದೆ ಎಂದು ಹಿಡಿದರೆ, ಎಕ್ಸೆಲ್ಲಿಗೆ ಬರುವ ಬಲ 3280 ನ್ಯೂಟನ್ ಮೀಟರ್. ಪಾನಾದ ತುದಿಗೆ ಈಗ ನೇತಾಡುತ್ತಿರುವುದು 330 ಕಿಲೋಗೂ ಹೆಚ್ಚು. ಹದಿನಾರು ಪಟ್ಟಿಗೂ ಮಿಕ್ಕಿದ ಈ ಬಲವನ್ನು ಹಿಂದಿನ ಗುಂಡನೆಯ ಹೌಸಿಂಗ್‌ನೊಳಗೆ ಎರಡು ಮೂರು ಹಲ್ಲುಗಳು ಹೊರುತ್ತವೆ. ಆ ಹಲ್ಲುಗಳೇ ಮಿಸ್ತ್ರಿ ನೋಡುವ ಹಲ್ಲುಗಳು.

ಅದೇ ದಿನ ಪಕ್ಕದ ಕಟ್ಟೆಯ ಮೇಲೆ ಬೇರೊಂದು ಗಾಡಿಯ ಡಿಫರೆನ್ಷಿಯಲ್ ಬಿಚ್ಚಿ ಇಟ್ಟಿದ್ದರು. ಊಟದ ತಟ್ಟೆಯಷ್ಟಗಲದ ಕ್ರೌನ್ ವೀಲ್, ಅದಕ್ಕೆ ಬಾಯಿಕೊಟ್ಟು ಕೂತ ಮುಷ್ಟಿಯಷ್ಟು ದಪ್ಪದ ಪಿನಿಯನ್. ನಾನು ಹಲ್ಲು ಎಣಿಸಿದೆ: ಕ್ರೌನಿಗೆ 41, ಪಿನಿಯನ್ನಿಗೆ 10. “ನಲವತ್ತ ಮಾಡಿದ್ರ ಲೆಕ್ಕ ಸರಳ ಇರತಿತ್ತಲ್ಲ?” ಅಂದೆ. ಮಿಸ್ತ್ರಿ ಪಿನಿಯನ್ನಿನ ಒಂದು ಹಲ್ಲಿಗೆ ಚಾಕ್‌ಪೀಸಿನಿಂದ ಗೆರೆ ಎಳೆದು ಮೆಲ್ಲಗೆ ತಿರುಗಿಸಿದರು. 40 ಇದ್ದಿದ್ದರೆ ಈ ಹಲ್ಲು ಜೀವನವಿಡೀ ಕ್ರೌನಿನ ಅವೇ ನಾಲ್ಕು ಹಲ್ಲುಗಳನ್ನು ಕಡಿಯುತ್ತ ಇರುತ್ತಿತ್ತು. ಒಂದರಲ್ಲಿ ದೋಷವಿದ್ದರೆ ಆ ನಾಲ್ಕೂ ಕೆಡುತ್ತಿದ್ದವು. 41 ಇರುವುದರಿಂದ ಕ್ರೌನಿನ ಪ್ರತಿ ಸುತ್ತಿಗೂ ಒಂದು ಹಲ್ಲು ಮುಂದೆ ಸರಿದು, ಪಿನಿಯನ್ 41 ಸುತ್ತು ತಿರುಗುವುದರೊಳಗೆ ಎಲ್ಲ ಹಲ್ಲಿನ ಭೇಟಿಯೂ ಆಗುತ್ತದೆ. ಸವೆತ ಸರಿಸಮ ಹಂಚಿಹೋಗುತ್ತದೆ. ಕಾರ್ಖಾನೆಯಲ್ಲಿ ಎರಡನ್ನೂ ಒಟ್ಟಿಗೆ ಉಜ್ಜಿ ಜೋಡಿ ಮಾಡಿ ನಂಬರ್ ಕೊರೆದಿರುತ್ತಾರೆ. ಆ ನಂಬರ್ ಕೂಡದಿದ್ದರೆ ಜೋಡಿ ಒಡೆದಿದೆ ಎಂದರ್ಥ; ಎಷ್ಟೇ ಹೊಳೆಯಲಿ, ಮಿಸ್ತ್ರಿ ಕೈಯಲ್ಲೂ ಹಿಡಿಯುವುದಿಲ್ಲ.

ಆಮೇಲೆ ನಡೆದದ್ದು ನೋಡುವಂಥ ಕೆಲಸ. ಎಣ್ಣೆಯಲ್ಲಿ ಕಲಸಿದ ಬಣ್ಣವನ್ನು ಕ್ರೌನಿನ ನಾಲ್ಕೈದು ಹಲ್ಲಿಗೆ ತೆಳ್ಳಗೆ ಸವರಿದರು, ದೇವರ ಮೂರ್ತಿಗೆ ಸಿಂಧೂರ ಹಚ್ಚುವ ಹಾಗೆ. ಒಂದು ಕೈಯಿಂದ ಕ್ರೌನನ್ನು ಒತ್ತಿ ಹಿಡಿದು, ಇನ್ನೊಂದರಿಂದ ಪಿನಿಯನ್ ತಿರುಗಿಸಿದರು. ಬಣ್ಣ ಅಳಿಸಿಹೋದ ಜಾಗವೇ ಹಲ್ಲು ಹಲ್ಲಿಗೆ ತಾಗುವ ಜಾಗ. ಅದು ಹಲ್ಲಿನ ನಟ್ಟನಡುವೆ ಬಾದಾಮಿಯ ಆಕಾರದಲ್ಲಿ ಮೂಡಬೇಕು. ತುದಿಗೆ ಸರಿದರೆ ಹಲ್ಲಿನ ಮೂಲೆ ಮುರಿಯುತ್ತದೆ, ಬುಡಕ್ಕೆ ಇಳಿದರೆ ಗಾಡಿ ಕೊರಗಲು ಶುರುಮಾಡುತ್ತದೆ. ಸರಿಪಡಿಸುವುದು ಕೂದಲೆಳೆಯಷ್ಟು ತೆಳುವಾದ ಉಕ್ಕಿನ ಶಿಮ್‌ಗಳಿಂದ. ಎರಡು ಹಲ್ಲುಗಳ ನಡುವೆ ಬಿಡಬೇಕಾದ ಸಂದು ಸಾಮಾನ್ಯವಾಗಿ 0.15 ಮಿಲಿಮೀಟರಿನ ಆಸುಪಾಸು, ಎರಡು ಹಾಳೆ ಕಾಗದ ಒತ್ತಿ ಹಿಡಿದರೆ ಎಷ್ಟೋ ಅದಕ್ಕಿಂತ ಕಡಿಮೆ. ಡಯಲ್ ಗೇಜ್ ಇಟ್ಟು ಅಳೆಯುವ ಮೊದಲೇ ಮಿಸ್ತ್ರಿ ಕ್ರೌನನ್ನು ಬೆರಳಿನಿಂದ ಅಲುಗಿಸಿ, ಆ ‘ಟಿಕ್’ ಸದ್ದು ಕೇಳಿ “ಇನ್ನೊಂದ ಶಿಮ್ ಹಾಕು” ಅಂದರು. ಗೇಜೂ ಅದನ್ನೇ ಹೇಳಿತು.

ಈ ಸುರುಳಿ ಹಲ್ಲಿನ ವಿನ್ಯಾಸಕ್ಕೆ ಹೈಪಾಯ್ಡ್ ಎಂದು ಹೆಸರು. ಅಮೆರಿಕದ ಗ್ಲೀಸನ್ ಕಂಪನಿ 1920ರ ದಶಕದಲ್ಲಿ ಇದನ್ನು ರೂಪಿಸಿತು. ಮೊದಲು ಬಳಸಿದ್ದು ಪ್ಯಾಕರ್ಡ್ ಕಾರು, 1926ರಲ್ಲಿ. ಪಿನಿಯನ್ ಕ್ರೌನಿನ ನಡುಗೆರೆಗಿಂತ ಕೆಳಗೆ ಕೂರುವುದು ಇದರ ಗುಟ್ಟು. ಅದರಿಂದ ಪಿನಿಯನ್ ದಪ್ಪಗಾಗುತ್ತದೆ, ಒಮ್ಮೆಗೇ ಹೆಚ್ಚು ಹಲ್ಲು ಕೂಡುತ್ತವೆ, ಸದ್ದು ಇಳಿಯುತ್ತದೆ. ಆದರೆ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಆ ಉಜ್ಜಾಟವನ್ನು ತಾಳಲು ಗಂಧಕ ಮತ್ತು ರಂಜಕದ ಅಂಶ ಬೆರೆಸಿದ ಜಿಎಲ್-5 ಆಯಿಲ್ ಬೇಕು. ಅದೇ ಆಯಿಲನ್ನು “ಭಾರೀ ಮಾಲು” ಎಂದು ಗೇರ್‌ಬಾಕ್ಸಿಗೂ ಸುರಿದರೆ, ಅಲ್ಲಿಯ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ಅದು ನಿಧಾನಕ್ಕೆ ತಿನ್ನಬಲ್ಲದು. ಜಿಎಲ್-4 ಬೇಡುವ ಗೇರ್‌ಬಾಕ್ಸಿಗೆ ಜಿಎಲ್-4ನ್ನೇ ಹಾಕಬೇಕು. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಇದು ಬರೆದಿರುತ್ತದೆ.

ಕಬ್ಬಿಣದ ಈ ವಿದ್ಯೆ ಬೆಳಗಾವಿಗೆ ಹೊಸದಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ತೆರೆದದ್ದು ಇದೇ ಊರಿನಲ್ಲಿ. ಎತ್ತಿನ ಹೆಗಲಿಗೆ ಕಬ್ಬಿಣದ ನೇಗಿಲು ಕೊಟ್ಟ ಆ ಮನೆತನ 1910ರಲ್ಲಿ ಇಲ್ಲಿಂದ ಈಗಿನ ಕಿರ್ಲೋಸ್ಕರವಾಡಿಗೆ ಹೋಯಿತು. ಶತಮಾನ ಕಳೆಯುವ ಹೊತ್ತಿಗೆ ಅದೇ ಹೆಸರು ಬಿಡದಿಯಲ್ಲಿ ಟೊಯೊಟಾದ ಜೊತೆ ಸೇರಿತು. ಅಲ್ಲಿಯ ಬಿಡಿಭಾಗದ ಕಾರ್ಖಾನೆ 2004ರಿಂದ ಗೇರ್‌ಬಾಕ್ಸುಗಳನ್ನು ಮಾಡಿ ಹೊರದೇಶಕ್ಕೂ ಕಳಿಸುತ್ತಿದೆ. ಲಾರಿಗಳ ಹಿಂದಿನ ಎಕ್ಸೆಲ್ ತಯಾರಿಸುವ ಆಟೋಮೋಟಿವ್ ಎಕ್ಸೆಲ್ಸ್ 1981ರಿಂದ ಮೈಸೂರಿನಲ್ಲಿದೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ವಾಹನದ ಬಿಡಿಭಾಗಗಳ ಎರಕ ಇಂದಿಗೂ ನಡೆಯುತ್ತದೆ. ಹಲ್ಲಿನ ಗುರುತು ಓದುವ ಬೆರಳುಗಳು ಈ ಊರಿನಲ್ಲಿ ಇರುವುದು ಅಚ್ಚರಿಯೇನಲ್ಲ.

ಹುಡುಗನ ಗಾಡಿಗೆ ಮರಳೋಣ. ಕೊಳ್ಳುವ ಮೊದಲು ಯಾರೂ ಡಿಫರೆನ್ಷಿಯಲ್ ಬಿಚ್ಚಲು ಬಿಡುವುದಿಲ್ಲ. ಹಾಗಾಗಿ ಹೊರಗಿನಿಂದಲೇ ಒಳಗಿನ ಹಲ್ಲು ನೋಡಬೇಕು. ಮಿಸ್ತ್ರಿ ಮೊದಲು ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಎಡಕ್ಕೆ ಬಲಕ್ಕೆ ತಿರುಚಿದರು. ಕ್ರಾಸಿನ ಟೊಪ್ಪಿಗಳ ಸುತ್ತ ಕೆಂಪು ಹುಡಿ ಕಂಡರೆ ಒಳಗಿನ ಸೂಜಿ ಬೇರಿಂಗು ಗ್ರೀಸ್ ಕಾಣದೆ ತುಕ್ಕು ಹಿಡಿದಿದೆ ಎಂದು ತಿಳಿಯಬೇಕು. ಇಲ್ಲಿ ಹುಡಿ ಇರಲಿಲ್ಲ. ಸೆಂಟರ್ ಬೇರಿಂಗಿನ ರಬ್ಬರ್ ಹರಿದಿತ್ತು. ಅದು ಸಣ್ಣ ಖರ್ಚು. ಪಾಟಾಗಳ (ಲೀಫ್ ಸ್ಪ್ರಿಂಗಿನ ಪಟ್ಟಿಗಳ) ನಡುವಿನ ಸೆಂಟರ್ ಬೋಲ್ಟ್ ನೋಡಿದರು. ಅದು ಕತ್ತರಿಸಿದ್ದರೆ ಎಕ್ಸೆಲ್ ಓರೆಯಾಗಿ, ಕ್ರಾಸು ಸೊಟ್ಟ ಕೋನದಲ್ಲಿ ದುಡಿಯುತ್ತದೆ. ಚೆಸ್ಸಿಯ ಒಳಮೈಗೆ ಬೆರಳು ಹಾಕಿ, ಹೊಸ ಕರಿ ಬಣ್ಣದ ಅಡಿ ವೆಲ್ಡಿಂಗಿನ ಗಂಟು ಇದೆಯೋ ಎಂದು ಸವರಿದರು.

ಆಮೇಲೆ ಎಕ್ಸೆಲ್ಲಿನ ಡ್ರೇನ್ ನಟ್ ಸಡಿಲಿಸಿ ಅಂಗೈಗೆ ಒಂದಿಷ್ಟು ಆಯಿಲ್ ಹಿಡಿದರು. ನಟ್ಟಿನ ತುದಿಯ ಅಯಸ್ಕಾಂತಕ್ಕೆ ಬೂದುಬಣ್ಣದ ನುಣ್ಣನೆ ಕೆಸರು ಅಂಟಿತ್ತು. ಅದು ವಯಸ್ಸಿನ ಲಕ್ಷಣ, ರೋಗವಲ್ಲ. ಉಗುರಿನ ಚೂರಿನಂಥ ಹೊಳೆಯುವ ಚಕ್ಕೆ ಸಿಕ್ಕಿದ್ದರೆ ಹಲ್ಲು ಉದುರತೊಡಗಿದೆ ಎಂದರ್ಥ. ಆಯಿಲ್ ಚಹಾದ ಹಾಗೆ ಹಾಲುಗೂಡಿದ್ದರೆ ನೀರು ಸೇರಿದೆ. ಖಾನಾಪುರದ ಗಾಡಿಗಳಿಗೆ ಈ ಕಾಯಿಲೆ ಬರುವ ದಾರಿ ವಿಚಿತ್ರ. ದಿನವಿಡೀ ದುಡಿದು ಬಿಸಿಯಾದ ಎಕ್ಸೆಲ್ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಹೊರಗಿನದನ್ನು ಎಳೆದುಕೊಳ್ಳುತ್ತದೆ. ಹೌಸಿಂಗಿನ ನೆತ್ತಿಯ ಮೇಲೆ ಬೆರಳ ತುದಿಯಷ್ಟಿರುವ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಸವೆದ ಆಯಿಲ್ ಸೀಲಿನ ಸಂದಿಯಿಂದಲೇ ನೀರು ಒಳನುಗ್ಗುತ್ತದೆ. ಮಳೆಗಾಲ ಮುಗಿದೊಡನೆ ಎಕ್ಸೆಲ್ ಆಯಿಲ್ ನೋಡಿಸಿದವನ ಬೇರಿಂಗು ಉಳಿಯುತ್ತದೆ.

ಗಾಲಿಯ ನಡುವನ್ನು ಮಿಸ್ತ್ರಿ ನನಗೆಂದೇ ತೋರಿಸಿದರು. ಭಾರಿ ಗಾಡಿಗಳಲ್ಲಿ ಗಾಲಿಯ ಮಧ್ಯೆ ಹಬ್ಬು ಹೊರಚಾಚಿ, ಅದರ ಮುಖಕ್ಕೆ ವರ್ತುಲವಾಗಿ ಬೋಲ್ಟುಗಳಿರುತ್ತವೆ. ಇದು ಫುಲ್ ಫ್ಲೋಟಿಂಗ್ ಎಕ್ಸೆಲ್. ಭಾರವನ್ನು ಹೌಸಿಂಗ್ ಕೊಳವೆಯೇ ಹೊರುತ್ತದೆ, ಒಳಗಿನ ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಶಾಫ್ಟ್ ತುಂಡಾದರೂ ಗಾಲಿ ಕಳಚಿ ಬೀಳುವುದಿಲ್ಲ. ಸೆಮಿ ಫ್ಲೋಟಿಂಗ್ ಆದರೆ ಒಂದೇ ಶಾಫ್ಟು ತಿರುಗಿಸಲೂ ಬೇಕು, ಹೊರಲೂ ಬೇಕು. ಕಾರಿಗೆ, ಹಗುರ ಪಿಕಪ್ಪಿಗೆ ಅದು ಸಾಕು. ಇಟ್ಟಿಗೆಯಂಥ ಸತ್ತ ಭಾರ ದಿನವೂ ಹೇರುವವನು ಶೋರೂಮಿನಲ್ಲಿ ಸೀಟಿನ ಬಟ್ಟೆ ಕೇಳುವ ಬದಲು ಈ ಒಂದು ಪ್ರಶ್ನೆ ಕೇಳಬೇಕು.

ಇನ್ನು ನಡೆಸಿ ನೋಡುವುದು. ಮಿಸ್ತ್ರಿ ಹುಡುಗನನ್ನು ಪಕ್ಕಕ್ಕೆ ಕೂರಿಸಿ, ಕಿಟಕಿ ಇಳಿಸಿ, ರೇಡಿಯೋ ಬಂದ್ ಮಾಡಿ ಹೊರಟರು. ಮೊದಲು ಕ್ಲಚ್: ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಪೆಡಲ್ ಬಿಟ್ಟರೆ ಎಂಜಿನ್ ಬಂದ್ ಬೀಳಬೇಕು. ಗುರುಗುಟ್ಟುತ್ತ ನಡೆದೇ ಇದ್ದರೆ ಪ್ಲೇಟು ಜಾರುತ್ತಿದೆ. ಪೆಡಲ್ ಒತ್ತಿದಾಗ ಸದ್ದು ಬಂದರೆ ರಿಲೀಸ್ ಬೇರಿಂಗು. ನ್ಯೂಟ್ರಲ್ಲಿನಲ್ಲಿ ಇದ್ದ ಸದ್ದು ಪೆಡಲ್ ಒತ್ತಿದಾಗ ಅಡಗಿದರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗು. ರಿವರ್ಸಿನಿಂದ ಫಸ್ಟಿಗೆ ಹಾಕುವಾಗ ‘ಠಕ್’ ಅಂದರೆ ಕ್ರಾಸಿನಲ್ಲೋ ಹಿಂದಿನ ಹಲ್ಲಿನಲ್ಲೋ ಪ್ಲೇ ಬಂದಿದೆ. ತಿರುವಿನಲ್ಲಿ ಭಾರ ಒಂದು ಬದಿಗೆ ವಾಲಿದಾಗ ಮಾತ್ರ ಗುಂಯ್‌ಗುಟ್ಟಿದರೆ ಅದು ಗಾಲಿಯ ಬೇರಿಂಗು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಎಕ್ಸಿಲರೇಟರಿನ ಪರೀಕ್ಷೆ. ಹಲ್ಲಿಗೆ ಎರಡು ಮುಖ. ಎಂಜಿನ್ ಗಾಡಿಯನ್ನು ಎಳೆಯುವಾಗ ಒಂದು ಮುಖ ದುಡಿಯುತ್ತದೆ. ಇಳಿಜಾರಿನಲ್ಲಿ ಗಾಡಿಯೇ ಎಂಜಿನ್ನನ್ನು ನೂಕುವಾಗ ಇನ್ನೊಂದು. ಏರಿದ ಗೇರಿನಲ್ಲೇ ಇಳಿಯಬೇಕೆಂಬುದು ಘಾಟಿನ ಚಾಲಕರ ಹಳೆಯ ಪಾಠ. ಅದರಿಂದ ಬ್ರೇಕು ಉಳಿಯುತ್ತದೆ, ಜೀವ ಉಳಿಯುತ್ತದೆ, ಆ ಕೆಲಸದ ಕೂಲಿಯನ್ನು ಹಲ್ಲಿನ ಹಿಂಬದಿ ತೆರುತ್ತದೆ. ಭಾರ ಹೊತ್ತು ಗೋವಾಕ್ಕೆ ಇಳಿದ ಗಾಡಿಯಲ್ಲಿ ಸವೆತ ಅಲ್ಲೇ ಅಡಗಿರುತ್ತದೆ. ಅದಕ್ಕೇ ಮಿಸ್ತ್ರಿ ವೇಗ ಏರಿಸಿ, ಕಾಲು ತೆಗೆದು, ಗಾಡಿ ತಾನಾಗಿ ನಿಧಾನವಾಗುವಾಗ ಕಿವಿಗೊಟ್ಟರು. ಹೆಚ್ಚಿನ ಕೊಳ್ಳುವವರು ಎಳೆತದಲ್ಲಿ ಕೇಳುತ್ತಾರೆ, ಬಿಟ್ಟಾಗ ಕೇಳುವುದಿಲ್ಲ.

ಎಂಜಿನ್ ನೋಡಿದ್ದು ಕೊನೆಗೆ, ಅದೂ ಐದು ನಿಮಿಷ. ಆಯಿಲ್ ಹಾಕುವ ಮುಚ್ಚಳ ತೆರೆದು ಬ್ಯಾಕ್ ಕಂಪ್ರೆಷನ್ ನೋಡಿದರು. ಹೊಗೆ ರಭಸದಿಂದ ಚಿಮ್ಮದೆ ತೆಳ್ಳಗೆ ಮೇಲೆದ್ದಿತು. ಸಾಕು.

ಹೊಸ ಗಾಡಿ ಕೊಳ್ಳುವವರಿಗೂ ಇದೇ ಲೆಕ್ಕ ಬೇರೆ ರೂಪದಲ್ಲಿ ಎದುರಾಗುತ್ತದೆ. ಬೊಲೆರೊ ಪಿಕಪ್ಪಿನ 2523 ಸಿಸಿ ಎಂಜಿನ್ ಸುಮಾರು 75 ಅಶ್ವಶಕ್ತಿ ಕೊಡುತ್ತದೆ, ಎಂಜಿನ್ ಗಾತ್ರದ ಪ್ರತಿ ಲೀಟರಿಗೆ 30. ಬಿಡದಿಯಲ್ಲಿ ತಯಾರಾಗುವ ಹೈಲಕ್ಸಿನ 2.8 ಲೀಟರ್ ಎಂಜಿನ್ 204 ಅಶ್ವಶಕ್ತಿಯದು, ಲೀಟರಿಗೆ 70ಕ್ಕೂ ಹೆಚ್ಚು. ಅಮೆರಿಕದ ರ‍್ಯಾಮ್ ಪಿಕಪ್ಪಿನ ಕಮಿನ್ಸ್ ಡೀಸೆಲ್ 2019ರಲ್ಲಿ 1356 ನ್ಯೂಟನ್ ಮೀಟರ್ ಮುಟ್ಟಿತು. ಆದರೆ ಬಲ ಹೆಚ್ಚಿದಷ್ಟೂ ಹಿಂದಿನ ಹಲ್ಲು, ಶಾಫ್ಟು, ಬೇರಿಂಗು ದಪ್ಪವಾಗಬೇಕು, ದುಬಾರಿಯೂ ಆಗುತ್ತವೆ. ಮೆಲ್ಲಗೆ ದುಡಿಯುವ ಸಣ್ಣ ಬಲದ ಎಂಜಿನ್ನಿನ ಹಿಂದೆ ಗಟ್ಟಿ ಎಕ್ಸೆಲ್ ಇದ್ದರೆ ಬಾಡಿಗೆ ಗಾಡಿಗೆ ಅದೇ ಭಾಗ್ಯ. ಯೋಧ 2.0 ಎಂಬ ಟಾಟಾ ಪಿಕಪ್ 2022ರಲ್ಲಿ ಎರಡು ಟನ್ ಹೊರುವ ಗಾಡಿಯಾಗಿ ಬಂತು. ಬೊಲೆರೊ ಪಿಕಪ್ಪಿನಲ್ಲಿ 1300, 1700 ಕಿಲೋದಂಥ ಮಾದರಿಗಳಿವೆ. ಹೆಸರಿಗಿಂತ ಮೊದಲು ನೋಡಬೇಕಾದ್ದು ಈ ಅಂಕಿಯನ್ನು.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಇನ್ನೊಂದು ವಿಚಾರ ಸೇರಿದೆ. ಬಹುತೇಕ ಡೀಸೆಲ್‌ಗಳ ಹೊಗೆಕೊಳವೆಯಲ್ಲಿ ಈಗ ಮಸಿ ಹಿಡಿಯುವ ಫಿಲ್ಟರ್ ಇದೆ. ಗಾಡಿ ಕಾಯ್ದು ಒಂದಿಷ್ಟು ದೂರ ಒಂದೇ ಓಟದಲ್ಲಿ ಓಡಿದಾಗ ಅದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಗೋವಾಕ್ಕೆ ಹೋಗುವ ಗಾಡಿಗೆ ಇದು ತಾನಾಗಿಯೇ ನಡೆಯುತ್ತದೆ. ಭಟ್ಟಿಯಿಂದ ಪಕ್ಕದ ಊರಿಗೆ ಮಾತ್ರ ಓಡುವ ಗಾಡಿಯನ್ನು ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಬಿಡುವು ಕೊಡದೆ ಓಡಿಸಬೇಕು. ಇದರ ಜೊತೆಗೆ, ಕೊಳ್ಳುವ ಗಾಡಿಯ ಕ್ರಾಸು, ಸೀಲು, ಬೇರಿಂಗು ಸಂಜೆಯೊಳಗೆ ಆಟೋ ನಗರದಲ್ಲಿ ಸಿಗುವಂತಿರಬೇಕು. ಲೋಂಡಾದ ಕಾಡಿನಲ್ಲಿ ನಿಂತ ಗಾಡಿಗೆ ಮುಂದಿನ ವಾರ ಬರುವ ಬಿಡಿಭಾಗದಿಂದ ಉಪಯೋಗವಿಲ್ಲ.

ಗಾಡಿ ಮರಳಿ ಗ್ಯಾರೇಜಿಗೆ ಬಂತು. ಹುಡುಗ ಮಿಸ್ತ್ರಿಯ ಮುಖ ನೋಡುತ್ತ ನಿಂತ. ಅವರು ಕೈ ಒರೆಸಿಕೊಂಡು ಮುಂಜಾನೆಯ ಪ್ರಶ್ನೆಯನ್ನೇ ಎತ್ತಿಕೊಂಡರು.

“ಎಷ್ಟ ಇಟ್ಟಂಗಿ ಹೇರತಿ, ಖರೇ ಹೇಳ.”

“ಸಾವಿರ, ಕಾಕಾ. ಎಲ್ಲಾರೂ ಹೇರತಾರ.”

ಮಿಸ್ತ್ರಿ ಚಾಕ್‌ಪೀಸಿನಿಂದ ನೆಲದ ಮೇಲೆ ಬರೆದರು. ಇಟ್ಟಿಗೆ ಒಂದಕ್ಕೆ ಮೂರು ಕಿಲೋ ಹಿಡಿದರೆ ಸಾವಿರಕ್ಕೆ ಮೂರು ಟನ್. ಈ ಗಾಡಿ 1700 ಕಿಲೋದ್ದು, ಅಂದರೆ ಐದೂವರೆ ನೂರು ಇಟ್ಟಿಗೆಯದು. ಮಳೆಯಲ್ಲಿ ನೆನೆದರೆ ಒಳ್ಳೆಯ ಇಟ್ಟಿಗೆಯೂ ತನ್ನ ತೂಕದ ಐದನೇ ಒಂದು ಭಾಗದವರೆಗೆ ನೀರು ಕುಡಿಯಬಲ್ಲದು. ಐದೂವರೆ ನೂರು ಇಟ್ಟಿಗೆಗೆ ಅದೇ ಮುನ್ನೂರು ಕಿಲೋ ದಾಟುತ್ತದೆ. ಬೇರಿಂಗಿನ ಶಾಸ್ತ್ರ ಇನ್ನೂ ಕಠಿಣ. ರೋಲರ್ ಬೇರಿಂಗಿನ ಮೇಲೆ ಭಾರ ಕಾಲು ಪಾಲು ಹೆಚ್ಚಿದರೆ ಅದರ ಆಯುಷ್ಯ ಅರ್ಧಕ್ಕಿಳಿಯುತ್ತದೆ. ಇಮ್ಮಡಿಯಾದರೆ ಹತ್ತರಲ್ಲಿ ಒಂದು ಪಾಲು ಉಳಿಯುತ್ತದೆ. ಹತ್ತು ವರ್ಷ ಬರಬೇಕಾದದ್ದು ಒಂದು ವರ್ಷಕ್ಕೆ ಮುಗಿಯುತ್ತದೆ. ಮಿಸ್ತ್ರಿ ಈ ಸೂತ್ರ ಓದಿದವರಲ್ಲ. ಬಿಚ್ಚಿ ಬಿಸಾಕಿದ ಬೇರಿಂಗುಗಳನ್ನು ತುಂಬಿಟ್ಟ ತಗಡಿನ ಡಬ್ಬಿಯನ್ನು ಕಾಲಿನಿಂದ ಹುಡುಗನ ಕಡೆ ಸರಿಸಿದರು, ಅಷ್ಟೆ.

“ಗಾಡಿ ಛಲೋ ಐತಿ. ಸೆಂಟರ್ ಬೇರಿಂಗ್ ಹಾಕ್ಸು, ಆಯಿಲ್ ಬದಲ ಮಾಡ್ಸು. ಐದನೂರು ಹೇರು, ಎರಡ ಟ್ರಿಪ್ ಹೊಡಿ.”

“ಎರಡ ಟ್ರಿಪ್ ಅಂದ್ರ ಡೀಸೆಲ್ ಹೆಚ್ಚ ಆಗತೈತೆಲ್ರೀ ಕಾಕಾ?”

“ಹೂಂ, ಆಗತೈತಿ. ಲೆಕ್ಕಾ ಹಾಕು.”

ಹುಡುಗ ಚಾಕ್‌ಪೀಸ್ ಇಸಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಒಂದು ಕಡೆ ವರ್ಷದ ಹೆಚ್ಚಿನ ಡೀಸೆಲ್ಲು, ಇನ್ನೊಂದು ಕಡೆ ಕ್ರೌನ್ ಪಿನಿಯನ್ ಜೋಡಿ, ಬೇರಿಂಗು, ಕ್ಲಚ್ ಪ್ಲೇಟು, ಗಾಡಿ ನಿಂತ ದಿನಗಳ ಬಾಡಿಗೆ. ಬರೆದ, ಒರೆಸಿದ, ಮತ್ತೆ ಬರೆದ. ಮಿಸ್ತ್ರಿ ಆಗಲೇ ಕಟ್ಟೆಯ ಮೇಲಿನ ಕ್ರೌನ್ ವೀಲಿಗೆ ಬಣ್ಣ ಸವರುತ್ತ ಇದ್ದರು.